ಹೊಸ ಫಿಲ್ಟರ್ ಹಾಕಿದರೂ ಘಾಟಿಯಲ್ಲಿ ಕಾರು ನಿಲ್ಲುತ್ತಿದೆ!

ಪ್ರಶ್ನೆ: ನನ್ನದು 1997ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಅಪ್ಪಯ್ಯ ತಗೊಂಡಿದ್ದು, ಮಾರಲು ಮನಸ್ಸಿಲ್ಲ. ಊರಲ್ಲಿ ಓಡಿಸುವಾಗ ಏನೂ ತೊಂದರೆ ಇಲ್ಲ. ಕುಂದಾಪುರದ ಮಗಳ ಮನೆಯಿಂದ ವಾಪಸ್ ಬರುವಾಗ ಹುಲಿಕಲ್ ಘಾಟಿ ಹತ್ತುವಲ್ಲಿ ಮಾತ್ರ ಎರಡು ಮೂರು ಸಲ ಎಳೆದಾಡಿ ಆಫ್ ಆಗುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಪೆಟ್ರೋಲ್ ಫಿಲ್ಟರ್ ಎರಡು ಸಲ ಬದಲಾಯಿಸಿದ್ದಾಯಿತು. ಎಲ್ಲೂ ಸೋರುವುದು ಕಾಣುವುದಿಲ್ಲ. ಆದರೆ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ಏನು ಮಾಡಲಿ?
– ಓದುಗರು, ಹೊಸನಗರ

ಉತ್ತರ: ಸೋರುವುದು ಕಾಣುವುದಿಲ್ಲ ಎಂದಿರಲ್ಲ, ನನ್ನ ಅನುಮಾನ ಇರುವುದೇ ಅಲ್ಲಿ. ನಿಮ್ಮ ಗಾಡಿಯ ಟ್ಯಾಂಕ್ ಹಿಂದೆ, ಕೆಳಗಡೆ ಇದೆ. ಪಂಪ್ ಮುಂದೆ ಇಂಜಿನ್ನಿಗೆ ಅಂಟಿಕೊಂಡಿದೆ. ಈ ಪಂಪ್ ಪೆಟ್ರೋಲನ್ನು ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ಮೇಲ್ಗಡೆ ಸಣ್ಣಗೆ ಸೀಳಿದ್ದರೆ ಏನಾಗುತ್ತದೆ? ನೀರು ಹೊರಗೆ ಚೆಲ್ಲುವುದಿಲ್ಲ, ಬಾಯಿಗೆ ಬರೀ ಗಾಳಿ ಬರುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪ್ ಬಿರುಕು ಬಿಟ್ಟರೂ ಹಾಗೇ. ಒಂದು ತೊಟ್ಟು ಕೆಳಗೆ ಬೀಳದೆ ಪಂಪಿಗೆ ಗಾಳಿ ಹೋಗುತ್ತಿರುತ್ತದೆ.

ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಘಾಟಿ ಹತ್ತುವಾಗ ಗಾಡಿಯ ಮೂತಿ ಮೇಲೆ, ಟ್ಯಾಂಕ್ ಇನ್ನೂ ಕೆಳಗೆ. ಪಂಪ್ ಜಾಸ್ತಿ ಎಳೆಯಬೇಕು. ಫಸ್ಟ್, ಸೆಕೆಂಡ್ ಗೇರಿನಲ್ಲಿ ಇಂಜಿನ್ ಕೇಳುವ ಪೆಟ್ರೋಲೂ ಜಾಸ್ತಿ. ಬಾನೆಟ್ ಒಳಗೆ ಕಾವು ಏರಿ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುವುದೂ ಉಂಟು. ಹತ್ತು ನಿಮಿಷ ಆರಿದರೆ ಸರಿಹೋಗುವುದು ಅದಕ್ಕೇ. ಹೊರಗಿನ ಗಾಳಿಯೂ ಸೇರಿಕೊಂಡರೆ ಈ ಕಾಟ ಇನ್ನೂ ಬೇಗ ಶುರುವಾಗುತ್ತದೆ. ಫಿಲ್ಟರ್ ಎಷ್ಟು ಸಲ ಹೊಸದು ಹಾಕಿದರೂ ಗಾಳಿಯನ್ನು ಅದು ತಡೆಯುವುದಿಲ್ಲ ಮಾರಾಯ್ರೇ.

ಪೈಪಿಗೆ ಕೈ ಹಾಕುವ ಮುಂಚೆ ಪುಕ್ಕಟೆ ಪರೀಕ್ಷೆ ಒಂದಿದೆ. ಮುಂದಿನ ಸಲ ಗಾಡಿ ನಿಂತಾಗ ಇಳಿದು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಎಳೆದ ಸದ್ದು ಜೋರಾಗಿ ಬಂದು, ಆಮೇಲೆ ಗಾಡಿ ಕೂಡಲೇ ಸ್ಟಾರ್ಟ್ ಆದರೆ ಟ್ಯಾಂಕಿಗೆ ಉಸಿರಾಟದ ದಾರಿ ಕಟ್ಟಿದೆ ಎಂದರ್ಥ. ಪೆಟ್ರೋಲ್ ಖಾಲಿಯಾದಷ್ಟೂ ಗಾಳಿ ಒಳಗೆ ಬರಬೇಕು, ಬರದಿದ್ದರೆ ಪಂಪ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ನಮ್ಮ ಕಡೆ ಶೆಡ್ಡಿನಲ್ಲಿ ನಿಂತ ಗಾಡಿಗಳ ಈ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದನ್ನು ನಾನೇ ತೆಗೆದಿದ್ದೇನೆ. ಹುಳ ಬೆರಳುಗುರಿನಷ್ಟು, ಅದು ಮಾಡಿದ ಕೆಲಸಕ್ಕೆ ಗಾಡಿ ಟೋ ಮಾಡಿಸಿಕೊಂಡು ಬಂದಿತ್ತು!

ಮುಚ್ಚಳ ತೆಗೆದಾಗ ಅದರ ಒಳಗಿನ ರಬ್ಬರ್ ವಾಷರನ್ನೂ ನೋಡಿ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರಬೇಕು. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿದ್ದರೆ ಬೆಳಗಿನ ವಾಸನೆಯ ಒಂದು ಪಾಲು ಅಲ್ಲಿಂದಲೇ. ಮಳೆಗಾಲದಲ್ಲಿ ನೀರು ಟ್ಯಾಂಕ್ ಸೇರುವ ದಾರಿಯೂ ಅದೇ.

ಈಗ ಪೈಪಿನ ವಿಷಯ. ಟ್ಯಾಂಕಿನಿಂದ ಹಿಡಿದು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರಿನವರೆಗೆ ಕಬ್ಬಿಣದ ಪೈಪಿನ ನಡುನಡುವೆ ರಬ್ಬರ್ ತುಂಡುಗಳಿವೆ. ಪಂಪಿಗೆ ಮೂರು ಮೂತಿ ಇದ್ದರೆ ಒಂದು ಒಳಗೆ ಬರುವುದು, ಒಂದು ಕಾರ್ಬೊರೇಟರಿಗೆ, ಇನ್ನೊಂದು ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವುದು. ಈ ವಾಪಸ್ ಪೈಪನ್ನು ಎಲ್ಲರೂ ಮರೆಯುತ್ತಾರೆ. ಪ್ರತಿಯೊಂದು ರಬ್ಬರ್ ತುಂಡನ್ನೂ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಬಾಗಿದ ಬೆನ್ನಿನ ಮೇಲೆ ಬೇಸಿಗೆಯ ಗದ್ದೆಯಂತೆ ಸಣ್ಣ ಸಣ್ಣ ಬಿರುಕು ಕಂಡರೆ ಮುಗಿಯಿತು. ಹೊರಗಡೆ ನುಣ್ಣಗಿದ್ದರೂ ನಂಬಬೇಡಿ. ತುದಿಯನ್ನು ಒಂದು ಇಂಚು ಕತ್ತರಿಸಿ, ಆ ಚೂರನ್ನು ಉದ್ದಕ್ಕೆ ಸೀಳಿ ಒಳಮೈ ಮೇಲೆ ಬೆರಳಾಡಿಸಿ. ಬೆರಳಿಗೆ ಕಪ್ಪು ಹತ್ತಿದರೆ ರಬ್ಬರ್ ಒಳಗಿನಿಂದ ಕರಗುತ್ತಿದೆ. ಆ ಚೂರುಗಳೇ ನಿಮ್ಮ ಹೊಸ ಫಿಲ್ಟರಿಗೂ, ಕಾರ್ಬೊರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿಗೂ, ಅಂದರೆ ಜೆಟ್ಟಿಗೂ ಹೋಗಿ ಕೂರುತ್ತವೆ.

ಒಂದು ತುಂಡು ಹೋಗಿದ್ದರೆ ಎಲ್ಲವನ್ನೂ ಬದಲಾಯಿಸಿ. ಎಲ್ಲದಕ್ಕೂ ಒಂದೇ ವಯಸ್ಸು ಅಲ್ವಾ? ಹಳೇ ತುಂಡುಗಳನ್ನೇ ಅಳತೆಗೆ ಅಂಗಡಿಗೆ ಒಯ್ಯಿರಿ. ಪೈಪಿನ ಮೈಮೇಲೆ ಎಸ್‌ಎಇ ಜೆ30 ಆರ್7 ಎಂದು ಅಚ್ಚಾಗಿದ್ದರೆ ಅದು ಕಾರ್ಬೊರೇಟರ್ ಗಾಡಿಯ ಕಡಿಮೆ ಒತ್ತಡಕ್ಕೆ ಆಗುವಂಥದ್ದು. ಆರ್9 ಎಂದಿದ್ದರೆ ಇಂಜೆಕ್ಷನ್ ಗಾಡಿಯ ಒತ್ತಡವನ್ನೂ ತಡೆಯುತ್ತದೆ, ಎಥನಾಲ್ ಬೆರೆತ ಪೆಟ್ರೋಲಿಗೂ ಚೆನ್ನಾಗಿ ಬಾಳುತ್ತದೆ. ಸ್ವಲ್ಪ ದುಬಾರಿಯಾದರೂ ನಾನು ಹಾಕಿಸುವುದು ಅದನ್ನೇ. ಪೆಟ್ರೋಲ್ ಕಾಣುತ್ತದಲ್ಲ ಎಂಬ ಚಂದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ನನ್ನ ಸ್ವಂತ ಗಾಡಿಗೆ ಒಮ್ಮೆ ಹಾಕಿದ್ದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಹಳದಿಯಾಗಿ, ಕಡ್ಡಿಯ ಹಾಗೆ ಸೆಟೆದು, ಮಂಡಗದ್ದೆ ಹತ್ತಿರ ಮೂತಿಯಿಂದ ಕಳಚಿಕೊಂಡಿತು. ಬೈಯಲು ಬೇರೆ ಯಾರೂ ಇರಲಿಲ್ಲ, ಹಾಕಿದವನು ನಾನೇ.

ಕ್ಲಿಪ್ಪುಗಳನ್ನೂ ಹೊಸದೇ ತನ್ನಿ. ಸ್ಕ್ರೂ ಕ್ಲಿಪ್ ಆದರೆ ರಬ್ಬರ್ ಉಬ್ಬಿ ಹೊರಬರುವಷ್ಟು ತಿರುಗಿಸಬೇಡಿ, ಪಟ್ಟಿಯ ಅಂಚು ಪೈಪನ್ನೇ ಕೊಯ್ಯುತ್ತದೆ. ಫಿಲ್ಟರಿನ ಮೇಲಿನ ಬಾಣದ ಗುರುತು ಪಂಪಿನ ಕಡೆ ಇರಬೇಕು. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಪೆಟ್ರೋಲ್ ಪೈಪಿನ ಹತ್ತಿರವೂ ತರಬೇಡಿ. ಅದರ ಎಳೆ ಬಿಚ್ಚಿಕೊಂಡು ಜೆಟ್ಟಿನಲ್ಲಿ ಸಿಕ್ಕಿದರೆ ಮೂಲ ರೋಗಕ್ಕಿಂತ ಮದ್ದೇ ಕಷ್ಟ.

ಕಬ್ಬಿಣದ ಪೈಪನ್ನೂ ಒಮ್ಮೆ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಗಾಡಿಯ ತಳಕ್ಕೆ ಹಿಡಿದಿಟ್ಟ ಕ್ಲಿಪ್ಪಿನ ಸಂದಿಯಲ್ಲಿ ಕೆಂಪು ಮಣ್ಣು ಕಚ್ಚಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ತುಕ್ಕು ಹಿಡಿಯುವುದು ಅಲ್ಲೇ. ಬಯಲುಸೀಮೆಯ ಗಾಡಿಗಳಲ್ಲಿ ಇದು ಇಷ್ಟು ಕಾಣುವುದಿಲ್ಲ.

ತೆಗೆದ ಫಿಲ್ಟರನ್ನು ಹಾಗೇ ಎಸೆಯಬೇಡಿ. ಬಿಳಿ ಬಟ್ಟಲಿಗೆ ಅದನ್ನು ಹಿಂದುಮುಂದಾಗಿ, ಅಂದರೆ ಪೆಟ್ರೋಲ್ ಒಳಗೆ ಬರುವ ಕಡೆಯಿಂದ ಬಗ್ಗಿಸಿ. ಕೆಂಪು ಪುಡಿ ಬಿದ್ದರೆ ಟ್ಯಾಂಕ್ ಒಳಗೆ ತುಕ್ಕು. ಕಪ್ಪು ಚೂರಾದರೆ ಪೈಪಿನ ರಬ್ಬರ್. ತಳದಲ್ಲಿ ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ಉರುಳಾಡುವುದು ಕಂಡರೆ ಅದು ನೀರು. ತುಕ್ಕೋ ನೀರೋ ಕಂಡರೆ, ಟ್ಯಾಂಕ್ ಇಳಿಸಿ ತೊಳೆಸುವವರೆಗೆ ಹೊಸ ಫಿಲ್ಟರ್ ಹಾಕುತ್ತಾ ಹೋಗುವುದು ಸುಮ್ನೆ ದುಡ್ಡು ದಂಡ. ಎರಡು ಫಿಲ್ಟರ್ ತೆಗೆದಿದ್ದೀರಲ್ಲ, ಅದರೊಳಗೆ ಏನಿತ್ತು ಎಂದು ಯಾರಾದರೂ ನೋಡಿದ್ದರೆ ಅರ್ಧ ಕೆಲಸ ಆಗಲೇ ಮುಗಿಯುತ್ತಿತ್ತು.

ಇದನ್ನೆಲ್ಲ ಮನೆಯಲ್ಲೇ ಮಾಡುವವರಾದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಇಂಜಿನ್ ಪೂರ್ತಿ ತಣ್ಣಗಾಗಲಿ. ಗಾಡಿಯನ್ನು ಅಂಗಳಕ್ಕೆ ತನ್ನಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಶೆಡ್ಡಿನ ಗೋಡೆಯಾಚೆಗೇ ಬಚ್ಚಲೊಲೆ ಇರುತ್ತದೆ, ಸುಗ್ಗಿಯಲ್ಲಾದರೆ ಅಡಿಕೆ ಬೇಯಿಸುವ ಒಲೆ ಇಡೀ ದಿನ ಉರಿಯುತ್ತಿರುತ್ತದೆ. ಆ ದಿನ ಈ ಕೆಲಸ ಬೇಡ. ಬಾಯಿಂದ ಪೆಟ್ರೋಲ್ ಎಳೆಯುವ ಹಳೇ ಚಾಳಿಯೂ ಬೇಡ, ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಪೈಪ್ ಕೂಡಿಸಿ ಬ್ಯಾಟರಿ ಹಾಕಿದ ಮೇಲೆ ಐದು ನಿಮಿಷ ಇಂಜಿನ್ ಓಡಿಸಿ, ಪ್ರತಿ ಕೂಡಿಕೆಯ ಕೆಳಗೂ ಒಣ ಬಟ್ಟೆ ಒತ್ತಿ ನೋಡಿ.

ಇಷ್ಟಾದರೂ ನಿಂತರೆ ಪಂಪಿನ ಒಳಗಿನ ಡಯಾಫ್ರಮ್, ಅಂದರೆ ಪೆಟ್ರೋಲ್ ಎಳೆಯುವ ತೆಳು ಪರದೆ ನೋಡಿಸಿ. ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಮೂಸಿದಾಗ ಇಂಜಿನ್ ಆಯಿಲ್ ಪೆಟ್ರೋಲ್ ನಾರಿದರೆ ಡಯಾಫ್ರಮ್ ಹರಿದಿರುವ ಸಾಧ್ಯತೆ ಹೆಚ್ಚು. ಆಗ ಗಾಡಿ ಓಡಿಸಬೇಡಿ, ಪಂಪ್, ಆಯಿಲ್ ಎರಡನ್ನೂ ಬದಲಾಯಿಸಿಯೇ ತೆಗೆಯಿರಿ.

ಪ್ರಶ್ನೆ: ನನ್ನದು 2004ರ ಇಂಜೆಕ್ಷನ್ ಕಾರು. ಎಥನಾಲ್ ಪೆಟ್ರೋಲ್ ಬಂದ ಮೇಲೆ ಪೈಪ್, ಸೀಲ್ ಎಲ್ಲ ಹಾಳಾಗುತ್ತದೆ ಎನ್ನುತ್ತಾರೆ. ಈಗಲೇ ಬದಲಾಯಿಸಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ಶೇ 20 ಎಥನಾಲ್ ಇರುವ ಇ20 ಪೆಟ್ರೋಲ್ ಮಾರಾಟ 2023ರ ಫೆಬ್ರವರಿಯಲ್ಲಿ ಶುರುವಾಯಿತು. ನಿಮ್ಮ ಕಾರಿನ ರಬ್ಬರ್ ತಯಾರಾಗುವಾಗ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಗಂತ ಒಂದೇ ದಿನದಲ್ಲಿ ಏನೂ ಕರಗಿಹೋಗುವುದಿಲ್ಲ. ಹಳೇ ರಬ್ಬರ್ ಉಬ್ಬುವುದು, ಮೆತ್ತಗಾಗುವುದು ನಿಧಾನಕ್ಕೆ ಆಗುತ್ತದೆ. ಎಥನಾಲ್ ಟ್ಯಾಂಕಿನ ಹಳೇ ಕಸವನ್ನೂ ಸಡಿಲಿಸುತ್ತದೆ, ಹಾಗಾಗಿ ಫಿಲ್ಟರ್ ಸ್ವಲ್ಪ ಬೇಗ ಕಟ್ಟಬಹುದು. ಅದು ಗಾಳಿಯ ತೇವವನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೊರಗೆ ತೆಗೆಯದವರು ಅರೆ ಟ್ಯಾಂಕ್ ಪೆಟ್ರೋಲ್ ಬಿಟ್ಟು ನಿಲ್ಲಿಸಬೇಡಿ.

ಇಪ್ಪತ್ತು ವರ್ಷದ ರಬ್ಬರನ್ನು ಎಥನಾಲ್ ಇಲ್ಲದಿದ್ದರೂ ಬದಲಾಯಿಸಲೇಬೇಕು. ಆದರೆ ನಿಮ್ಮದು ಮೇಲಿನವರ ಗಾಡಿಯ ಹಾಗಲ್ಲ. ಇಂಜೆಕ್ಷನ್ ಪೈಪಿನಲ್ಲಿ ಕೀ ತೆಗೆದ ಮೇಲೂ ಒತ್ತಡ ನಿಂತಿರುತ್ತದೆ. ಹಾಗೇ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಆಮೇಲೆ ಬಿಚ್ಚಬೇಕು. ಟ್ಯಾಂಕಿನೊಳಗೇ ಇರುವ ಪಂಪ್ ಮೇಲೆತ್ತಿದರೆ ಅದರ ದೊಡ್ಡ ರಬ್ಬರ್ ರಿಂಗ್ ಉಬ್ಬಿ ಮತ್ತೆ ಜಾಗಕ್ಕೆ ಕೂರುವುದಿಲ್ಲ, ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಓ ರಿಂಗಿಗೆ (ಸಣ್ಣ ರಬ್ಬರ್ ಬಳೆ) ಒಂದು ತೊಟ್ಟು ಹೊಸ ಇಂಜಿನ್ ಆಯಿಲ್ ಸವರಿ ಕೂರಿಸಿ, ಒಣದಾಗಿ ತುರುಕಿದರೆ ಹರಿಯುತ್ತದೆ. ಅಭ್ಯಾಸ ಇಲ್ಲದಿದ್ದರೆ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಒಳ್ಳೆ ಮೆಕ್ಯಾನಿಕ್ ಹತ್ತಿರ ಹೋಗಿ.

ಪ್ರಶ್ನೆ: ಹಳೇ ಡೀಸೆಲ್ ಜೀಪ್. ಬೆಳಿಗ್ಗೆ ಅರ್ಧ ನಿಮಿಷ ಸೆಲ್ಫ್ ಹೊಡೆಯಬೇಕು, ಆಮೇಲೆ ದಿನವಿಡೀ ಸರಿ. ಬ್ಯಾಟರಿ ಹೊಸದು.
– ಓದುಗರು, ಸಾಗರ

ಉತ್ತರ: ಇವತ್ತು ರಾತ್ರಿ ಜೀಪನ್ನು ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ. ಗೇರಿನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡುವುದು ಮರೆಯಬೇಡಿ. ನಾಳೆ ಬೆಳಿಗ್ಗೆ ಥಟ್ಟನೆ ಸ್ಟಾರ್ಟ್ ಆದರೆ, ಮಾಮೂಲಿ ದಿನಗಳಲ್ಲಿ ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದೆ ಇಳಿದು ಪೈಪಿನಲ್ಲಿ ಗಾಳಿ ತುಂಬುತ್ತಿದೆ ಎಂದು ಖಾತ್ರಿ. ಫಿಲ್ಟರಿನ ಬೋಲ್ಟುಗಳ ಎರಡೂ ಬದಿಯ ತಾಮ್ರದ ವಾಷರ್, ಬಟ್ಟಲಿನ ರಬ್ಬರ್ ರಿಂಗ್, ಕೈ ಪಂಪಿನ ಬುಡ – ಈ ಮೂರನ್ನು ಮೊದಲು ನೋಡಿ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಹಾಕುವ ಹಳಬರಿದ್ದಾರೆ. ದಾರಿಯಲ್ಲಿ ಸಿಕ್ಕಿಬಿದ್ದಾಗ ಅದು ನಡೆಯುತ್ತದೆ. ಊರಲ್ಲಿದ್ದಾಗ ಹೊಸದನ್ನೇ ಹಾಕಿ. ಕೂಡಿಸಿದ ಮೇಲೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈ ಪಂಪ್ ಒತ್ತಿ ಗಾಳಿ ತೆಗೆಯಿರಿ. ತಳದ ಸ್ಕ್ರೂ ಬಿಚ್ಚಿ ನೀರನ್ನೂ ಇಳಿಸಿಬಿಡಿ. ಮಳೆಗಾಲದಲ್ಲಿ ಅದನ್ನು ಹದಿನೈದು ದಿನಕ್ಕೊಮ್ಮೆ ಮಾಡಿ.