ನಾಡಿ ಸಿಗದ ಕಾಲಿಗೆ ಬ್ಯಾಂಡೇಜ್ ಸುತ್ತಬಹುದಾ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ನಿನ್ನೆ ಅರವತ್ತು ದಾಟಿದ ಅಜ್ಜಿಯೊಬ್ಬರು ದಾಖಲಾದರು. ಸಕ್ಕರೆ ಕಾಯಿಲೆ ಇದೆ. ಎಡಗಾಲು ಊದಿಕೊಂಡಿದೆ, ಹರಡಿನ ಹತ್ತಿರ ಹುಣ್ಣಾಗಿದೆ. ನಾಳೆಯಿಂದ ಬಿಗಿ ಬ್ಯಾಂಡೇಜ್ ಸುತ್ತಬೇಕು. ಪಾದದ ಮೇಲೆ ನಾಡಿ ಸಿಗಲೇ ಇಲ್ಲ. ಊತದಿಂದ ಇರಬೇಕು ಅಂದುಕೊಂಡು ಕೇಸ್ ಶೀಟಿನಲ್ಲಿ ‘ನಾಡಿ ಕ್ಷೀಣ’ ಅಂತ ಬರೆದೆ. ಮನಸ್ಸಿಗೆ ಸಮಾಧಾನವಿಲ್ಲ. ಸರಿಯಾಗಿ ಪರೀಕ್ಷಿಸುವುದು ಹೇಗೆ?

ಉತ್ತರ: ಮೊದಲು ವಾರ್ಡಿಗೆ ಹೋಗಿ ಡಾಕ್ಟರಿಗೆ ‘ನಾಡಿ ನನಗೆ ಸಿಕ್ಕಿಲ್ಲ’ ಅಂತ ಹೇಳಿ. ಬರೆದದ್ದನ್ನು ಅಳಿಸಬೇಡಿ. ಒಂದು ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ದಿನ, ಸಮಯ, ಸಹಿ ಹಾಕಿ. ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಕಟ್ಟಿಕೊಂಡಿರುವ ಕಾಲಿಗೆ ಬಿಗಿ ಬ್ಯಾಂಡೇಜ್ ಸುತ್ತಿದರೆ ಬರುತ್ತಿರುವ ಅಷ್ಟಿಷ್ಟು ರಕ್ತವೂ ನಿಲ್ಲುತ್ತದೆ. ಬೆರಳು ಕಪ್ಪಾಗಬಹುದು.

ಈಗ ನಾಡಿ ಹುಡುಕೋಣ. ಅಜ್ಜಿಗೆ ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಹೇಳಿ. ಪಾದದ ಮೇಲೆ ಹುರಿಯಂತೆ ಒಂದು ಸ್ನಾಯುರಜ್ಜು ಎದ್ದು ಕಾಣುತ್ತದೆ. ಅದರ ಹೊರಬದಿಗೆ, ಕಿರುಬೆರಳಿನ ಕಡೆಗೆ, ಎರಡು ಮೂರು ಬೆರಳು ಹಗುರವಾಗಿ ಇಡಿ. ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. ಅವಸರದಲ್ಲಿ ನಾವೆಲ್ಲ ಮಾಡುವ ತಪ್ಪು ಅದೇ. ಊತ ಇದ್ದರೆ ಮಾತ್ರ ಸ್ವಲ್ಪ ಹೊತ್ತು ನಿಧಾನವಾಗಿ ಅದುಮಿ, ನೀರು ಸರಿದ ಮೇಲೆ ಮತ್ತೆ ಹಗುರವಾಗಿ ಹಿಡಿಯಿರಿ. ಕೆಲವರಿಗೆ ಹುಟ್ಟಿನಿಂದಲೇ ಈ ಜಾಗದಲ್ಲಿ ನಾಡಿ ಸಿಗುವುದಿಲ್ಲ. ಹಾಗಾಗಿ ಒಳಹರಡಿನ ಹಿಂದೆ, ತುಸು ಕೆಳಗೆ ಇರುವ ನಾಡಿಯನ್ನೂ ನೋಡಲೇಬೇಕು. ಸಿಕ್ಕಿದ್ದು ನಿಮ್ಮದೇ ಬೆರಳಿನ ಮಿಡಿತವಾ ಅನ್ನಿಸಿದರೆ, ಇನ್ನೊಂದು ಕೈಯಲ್ಲಿ ಅವರ ಮಣಿಕಟ್ಟಿನ ನಾಡಿ ಹಿಡಿದು ತಾಳೆ ನೋಡಿ. ಸಿಗದಿದ್ದರೆ ಡಾಪ್ಲರ್ (ರಕ್ತದ ಹರಿವನ್ನು ಶಬ್ದವಾಗಿ ಕೇಳಿಸುವ ಯಂತ್ರ) ಕೇಳಿ. ಅದೂ ಇಲ್ಲದಿದ್ದರೆ ‘ಸಿಗಲಿಲ್ಲ’ ಅಂತಲೇ ಬರೆಯಿರಿ.

ಯಾವಾಗಲೂ ಎರಡೂ ಕಾಲು ತೆರೆದು ನೋಡಿ. ಸೀರೆ ಮೊಣಕಾಲಿನ ತನಕ ಸರಿಸಲು ಸಂಕೋಚಪಡುತ್ತಾರೆ, ಪರದೆ ಎಳೆದುಕೊಳ್ಳಿ. ಕೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟಿ, ಯಾವುದು ತಣ್ಣಗಿದೆ ನೋಡಿ. ನಮ್ಮ ಕಂದು ಚರ್ಮದಲ್ಲಿ ಬಿಳಿಚಿದ್ದು ಬೇಗ ಗೊತ್ತಾಗುವುದಿಲ್ಲ. ಅಂಗಾಲು, ಉಗುರು ನೋಡಬೇಕು.

ಆಮೇಲೆ ರಾತ್ರಿ ನೋವಿನ ಬಗ್ಗೆ ಕೇಳಿ. ಕಾಲು ಮಂಚದಿಂದ ಇಳಿಬಿಟ್ಟರೆ ಹಾಯೆನಿಸುತ್ತದೆ ಅಂದರೆ ಅಪಧಮನಿಯ ಮೇಲೆ ಅನುಮಾನ. ದಿಂಬಿನ ಮೇಲೆ ಎತ್ತಿಟ್ಟರೆ ಹಗುರ ಅಂದರೆ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ತೊಂದರೆ ಇರಬಹುದು. ಅಭಿಧಮನಿಯ ಹುಣ್ಣು ಹೆಚ್ಚಾಗಿ ಒಳಹರಡಿನ ಸುತ್ತ ಬರುತ್ತದೆ, ಒದ್ದೆಯಾಗಿ, ಸುತ್ತ ಕಂದುಗಪ್ಪು ಕಲೆಯೊಂದಿಗೆ. ಅಪಧಮನಿಯದು ಬೆರಳ ತುದಿ, ಹಿಮ್ಮಡಿಯಲ್ಲಿ, ಅಂಚು ಕತ್ತರಿಸಿದಂತೆ, ಒಣಗಿ ಇರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನರ ಸತ್ತು ನೋವೇ ಇಲ್ಲದಿರಬಹುದು. ಎರಡೂ ತೊಂದರೆ ಒಂದೇ ಕಾಲಲ್ಲಿ ಇರುವುದೂ ಉಂಟು.

ಊತಕ್ಕೆ ಇನ್ನೊಂದು ಕಾರಣ ಆನೆಕಾಲು. ಅದರಲ್ಲಿ ಕಟ್ಟಿಕೊಂಡಿರುವುದು ದುಗ್ಧರಸ (ಲಿಂಫ್). ಶುರುವಿನಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ವರ್ಷಗಳಾದ ಮೇಲೆ ಬೀಳುವುದಿಲ್ಲ. ಪಾದದ ಎರಡನೇ ಬೆರಳಿನ ಬುಡದಲ್ಲಿ ಚರ್ಮ ಚಿವುಟಿ ಎತ್ತಿ ನೋಡಿ. ಎತ್ತಲು ಬರದಿದ್ದರೆ ದುಗ್ಧರಸದ ಊತ ಅಂತ ಬಲವಾಗಿ ಅನುಮಾನಿಸಬಹುದು. ಬೆರಳ ಸಂದಿಯಲ್ಲಿ ಬಿರುಕು ಇದೆಯಾ, ತೊಡೆಸಂದಿಯಲ್ಲಿ ಗಡ್ಡೆ ಸಿಗುತ್ತದಾ ನೋಡಿ. ಅಲ್ಲಿ ಸಣ್ಣ, ಮೆದು, ಜಾರುವ ಗಡ್ಡೆ ಆರೋಗ್ಯವಂತರಲ್ಲೂ ಇರುತ್ತದೆ. ಕಲ್ಲಿನಂತೆ ಗಟ್ಟಿ, ಅಲುಗದೆ ನಿಂತಿದ್ದರೆ ತಕ್ಷಣ ಹೇಳಿ.

ಡಾಪ್ಲರ್ ಸಿಕ್ಕರೆ ಹರಡಿನ ಬಳಿ ಸಿಕ್ಕ ಸಿಸ್ಟಾಲಿಕ್ (ಮೇಲಿನ ಅಂಕಿ) ಬಿಪಿಯನ್ನು, ಎರಡು ಕೈಗಳಲ್ಲಿ ಹೆಚ್ಚಿರುವ ಸಿಸ್ಟಾಲಿಕ್ ಬಿಪಿಯಿಂದ ಭಾಗಿಸಿ. 0.90 ಅಥವಾ ಕಡಿಮೆ ಬಂದರೆ ಅಪಧಮನಿ ಕಾಯಿಲೆ. 1.40ಕ್ಕಿಂತ ಜಾಸ್ತಿ ಬಂದರೆ ಖುಷಿಪಡಬೇಡಿ. ಸಕ್ಕರೆ ಕಾಯಿಲೆಯಲ್ಲಿ ಅಪಧಮನಿಯ ಗೋಡೆ ಗಟ್ಟಿಯಾಗಿ ಬಿಪಿ ಪಟ್ಟಿಯ (ಕಫ್) ಒತ್ತಡಕ್ಕೆ ಬಗ್ಗದಿರುವುದರಿಂದ ಹೀಗಾಗುತ್ತದೆ.

ಒಂದೇ ಕಾಲು ಹಠಾತ್ತನೆ ಊದಿ ಮೀನಖಂಡ ನೋಯುತ್ತಿದ್ದರೆ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲು ಏಕಾಏಕಿ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದು, ನಾಡಿ ಹೋದರೆ ಒಂದು ನಿಮಿಷವೂ ಕಾಯದೆ ಡಾಕ್ಟರನ್ನು ಕರೆಯಿರಿ. ರಕ್ತವಿಲ್ಲದೆ ಸುಮಾರು 6 ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತದೆ.

ನಾಡಿ ಸಿಕ್ಕ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿಬಿಡಿ. ರಾತ್ರಿ ಡ್ಯೂಟಿಗೆ ಬರುವವರು ಮತ್ತೆ ಹುಡುಕುವುದು ತಪ್ಪುತ್ತದೆ.