ಊರೂರು ಸುತ್ತಿದರೆ ಬಟ್ಟೆ ಕೆಲಸಕ್ಕೆ ನಿಜವಾಗಿಯೂ ಏನಾದರೂ ಸಿಗುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಜವಳಿ ವಿನ್ಯಾಸ ಓದುತ್ತಿದ್ದೀರಿ. ಕಲಾವಿದರೆಲ್ಲ ಪ್ರವಾಸವೇ ಸ್ಫೂರ್ತಿ ಅನ್ನುತ್ತಾರೆ ಅಂತ ಹಂಪಿ, ಜೈಪುರ ಸುತ್ತಿ ಬಂದಿರಿ. ಫೋನ್ ತುಂಬ ಫೋಟೋ ಇವೆ, ಮನೆಗೆ ಬಂದು ಕೂತರೆ ಕೈ ಓಡುತ್ತಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಇನ್ನೊಂದು ದೊಡ್ಡ ಪ್ರವಾಸ ಮಾಡಲಾ ಬೇಡವಾ ಅಂತ ಕೇಳಿದ್ದೀರಿ.

ಮಾಡಿ. ಆದರೆ ಊರುಗಳನ್ನು ಕಡಿಮೆ ಮಾಡಿ, ಕೂರುವುದನ್ನು ಜಾಸ್ತಿ ಮಾಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಧಾರವಾಡದವಳು. ಕಸೂತಿ ಹಾಕುತ್ತೇನೆ. ಹಳೇ ಸೀರೆ, ಪಂಚೆಗಳನ್ನು ಪದರ ಪದರ ಇಟ್ಟು ಹೊಲಿದು ಗೋಡೆಗೆ ತೂಗುಹಾಕುವಂಥ ಕೆಲಸ ಮಾಡುತ್ತೇನೆ. ಹೊಟ್ಟೆಪಾಡಿಗೆ ವಾರಾಂತ್ಯದ ಕ್ಲಾಸು, ಆಗೊಂದು ಈಗೊಂದು ಆರ್ಡರ್. ಕೈಯಲ್ಲಿ ನಾಲ್ಕು ಕಾಸು ಆಡಿದರೆ ಬ್ಯಾಗ್ ಎತ್ತಿಕೊಂಡು ಹೊರಡುವ ಚಟ. ಇಷ್ಟು ಸುತ್ತಿದ್ದರಲ್ಲಿ ನೋಡಿದ ಗುಡ್ಡ, ಕೋಟೆ, ಸೂರ್ಯಾಸ್ತ ನನ್ನ ಬಟ್ಟೆಗೆ ಬಂದದ್ದು ತೀರಾ ಕಡಿಮೆ. ಬೇರೆ ಊರಿನ ಜನ ಬಟ್ಟೆಯ ಜೊತೆ ಹೇಗೆ ಏಗುತ್ತಾರೆ ಅನ್ನುವುದನ್ನು ಪಕ್ಕದಲ್ಲಿ ಕೂತು ಕಂಡದ್ದೇ ಬಂದಿದೆ.

ಮೊದಲು ಕಸೂತಿಯನ್ನೇ ತೆಗೆದುಕೊಳ್ಳಿ. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ನವಿಲು, ತುಳಸಿ ಕಟ್ಟೆ. ಇವೆಲ್ಲ ನಮ್ಮ ಕಡೆಯ ಹೆಂಗಸರು ಜಾತ್ರೆಯಲ್ಲಿ, ಗುಡಿಯಲ್ಲಿ, ಅಂಗಳದಲ್ಲಿ ಕಂಡಂಥವು. ಆದರೆ ಕಂಡದ್ದನ್ನು ಕಂಡ ಹಾಗೆ ಹಾಕಲು ಕಸೂತಿಯಲ್ಲಿ ಆಗುವುದೇ ಇಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ ಅದು. ಗೆರೆ ಅಡ್ಡ, ಉದ್ದ, ಓರೆ ಹೋಗಬಹುದು, ದುಂಡಗೆ ತಿರುಗುವುದಿಲ್ಲ. ಹಾಗಾಗಿ ಗಾಲಿಗೆ ಮೂಲೆಗಳು ಬರುತ್ತವೆ, ಗೋಪುರ ಮೆಟ್ಟಿಲು ಮೆಟ್ಟಿಲಾಗುತ್ತದೆ, ಆನೆಯ ಬೆನ್ನೂ ಅಷ್ಟೇ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಬೀಳುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವ ಹಾಗಿಲ್ಲ. ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಅಂದರೆ ಸೂಜಿ ಚುಚ್ಚುವ ಮೊದಲೇ ಹೋಗುವ ದಾರಿ, ಬರುವ ದಾರಿ ಎರಡೂ ತಲೆಯಲ್ಲಿರಬೇಕು. ಜಾತ್ರೆಯಲ್ಲಿ ತೇರು ನೋಡಿ ಬಂದವಳು ಇಷ್ಟೆಲ್ಲ ಕಟ್ಟುಪಾಡಿನೊಳಗೆ ಆ ತೇರನ್ನು ಮೊದಲಿನಿಂದ ಕಟ್ಟಿದ್ದಾಳೆ. ನಿಮ್ಮ ಹಂಪಿ ಫೋಟೋಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಅದನ್ನು ಹಾಗೇ ಬಟ್ಟೆಗೆ ಇಳಿಸಿದರೆ ಫೋಟೋವೇ ಉಳಿಯುತ್ತದೆ, ಬಟ್ಟೆಗೆ ಅಲ್ಲಿ ಏನೂ ಕೆಲಸ ಇರುವುದಿಲ್ಲ. ಕೈ ಓಡದಿರುವುದಕ್ಕೆ ಕಾರಣ ಇದೇ ಇರಬೇಕು ಅಂತ ನನ್ನ ಅನಿಸಿಕೆ.

(ಒಂದು ಹೋಟೆಲ್‌ನವರು ಹಂಪಿಯ ಕಲ್ಲಿನ ರಥವನ್ನು "ಫೋಟೋದಲ್ಲಿರೋ ಥರಾನೇ" ಹೊಲಿದುಕೊಡಿ ಅಂತ ಕೇಳಿದ್ದರು. ಫ್ಲೆಕ್ಸ್ ಹಾಕಿಸಿ ಸಾರ್, ಅಗ್ಗ ಆಗುತ್ತದೆ ಅಂದೆ. ನಿಜಕ್ಕೂ ಹಾಕಿಸಿದರು.)

ಇನ್ನು ಗುಜರಾತಿನ ಕಛ್. ನನ್ನ ಕೆಲಸದ ದಿಕ್ಕನ್ನು ಎಲ್ಲಕ್ಕಿಂತ ಜಾಸ್ತಿ ಬದಲಿಸಿದ ಜಾಗ ಅದು. ಅಜ್ರಖ್ ಅಚ್ಚಿನ ಬಟ್ಟೆ ನೀವು ನೋಡೇ ಇರುತ್ತೀರಿ. ಕಡು ನೀಲಿ, ಕಡು ಕೆಂಪು, ನಡುವೆ ಕಪ್ಪು ಬಿಳಿ ಗೆರೆ, ನಕ್ಷತ್ರದಂಥ ವಿನ್ಯಾಸ. ಅಂಗಡಿಯಲ್ಲಿ ನೋಡಿದರೆ ಅಚ್ಚನ್ನು ಬಣ್ಣಕ್ಕೆ ಅದ್ದಿ ಬಟ್ಟೆಗೆ ಒತ್ತಿದ್ದಾರೆ ಅನಿಸುತ್ತದೆ. ಅಲ್ಲಿ ಹೋಗಿ ಕೂತರೆ ಬೇರೆಯೇ ಕಥೆ. ಮೊದಲ ಒಂದೆರಡು ದಿನ ಬಣ್ಣವೇ ಕಾಣುವುದಿಲ್ಲ. ಒಗೆಯುತ್ತಾರೆ, ಎಣ್ಣೆ, ಸೋಡಾ, ಒಂಟೆ ಲದ್ದಿ ಕಲಸಿದ ನೀರಿನಲ್ಲಿ ನೆನೆಸುತ್ತಾರೆ, ಒಣಗಿಸುತ್ತಾರೆ, ಮತ್ತೆ ಒಗೆಯುತ್ತಾರೆ. ಆಮೇಲೆ ಅಳಲೆಕಾಯಿ ಪುಡಿ ಕದಡಿದ ನೀರಿಗೆ ಅದ್ದುತ್ತಾರೆ. ಬಟ್ಟೆ ಮಾಸಲು ಹಳದಿಯಾಗುತ್ತದೆ. ಅದರ ಮೇಲೆ ಮೊದಲು ಬೀಳುವ ಅಚ್ಚು ಸುಣ್ಣ ಮತ್ತು ಗೋಂದಿನದು. ಅದು ಬಣ್ಣವಲ್ಲ, ಬಣ್ಣ ತಡೆಯುವ ಸರಕು. ಕೊನೆಗೆ ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಎಲ್ಲಕ್ಕಿಂತ ಮೊದಲು ಕಾಯ್ದಿಡುತ್ತಾರೆ.

ಕಪ್ಪಿನದು ಇನ್ನೂ ಮಜಾ ಇದೆ. ತುಕ್ಕು ಹಿಡಿದ ಕಬ್ಬಿಣದ ತುಂಡುಗಳು, ಬೆಲ್ಲ, ನೀರು. ಇಷ್ಟನ್ನು ಡ್ರಮ್ಮಿಗೆ ಹಾಕಿ ಹುಳಿ ಬರಲು ಬಿಡುತ್ತಾರೆ. ಮೇಲೆ ನೊರೆ ಕಟ್ಟಿ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯುತ್ತದೆ. ಸೋಸಿದ ಆ ನೀರಿಗೆ ಹುಣಸೆ ಬೀಜದ ಹಿಟ್ಟು ಹಾಕಿ ಕುದಿಸಿ ಗಟ್ಟಿ ಮಾಡಿಕೊಳ್ಳುತ್ತಾರೆ. ಅದನ್ನು ಅಚ್ಚಿಗೆ ತಾಗಿಸಿ ಹಳದಿ ಬಟ್ಟೆಯ ಮೇಲೆ ಒತ್ತಿದರೆ ಅಳಲೆಕಾಯಿಯ ಒಗರು ಕಬ್ಬಿಣಕ್ಕೆ ಸೇರಿ ಕಣ್ಣೆದುರೇ ಕಪ್ಪಾಗುತ್ತದೆ. ಕೆಂಪು ಬರುವ ಕಡೆ ಬಣ್ಣ ಹಿಡಿಸುವ ಪಟಿಕ ಒತ್ತುತ್ತಾರೆ, ಆಗ ಕೆಂಪು ಕಾಣುವುದಿಲ್ಲ. ನೀಲಿಯಲ್ಲಿ ಮುಳುಗಿಸಿ, ಒಗೆದು, ದೊಡ್ಡ ತಾಮ್ರದ ಹಂಡೆಯಲ್ಲಿ ಕೆಂಪು ಬೇರಿನ ಬಣ್ಣದ ಜೊತೆ ಕುದಿಸಿದಾಗ ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಏಳುತ್ತದೆ. ಒತ್ತುವವನ ಕಣ್ಣಿಗೆ ಪೂರ್ತಿ ಚಿತ್ರ ಕಾಣುವುದು ಎಲ್ಲ ಮುಗಿದ ಮೇಲೆ.

ನೀರಿನ ಕಥೆಯನ್ನೂ ಹೇಳಬೇಕು. ಈ ಕಸುಬಿನ ಹಳೇ ಊರು ಧಮಡ್ಕಾ. ಅಲ್ಲಿನ ನದಿ ಬತ್ತುತ್ತಾ ಬಂದಿತ್ತು. 2001ರ ಜನವರಿ 26ರ ಭೂಕಂಪದ ನಂತರ ನೆಲದಡಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿ ಬಣ್ಣ ಕೆಡತೊಡಗಿತು. ಕಬ್ಬಿಣ ಸೇರಿದರೆ ಕೆಂಪು ಮಂಕಾಗುತ್ತದೆ. ಹಾಗಾಗಿ ಈ ಕಸುಬು ಮಾಡುವ ಖತ್ರಿ ಮನೆತನಗಳಲ್ಲಿ ಹಲವರು ಒಳ್ಳೆಯ ನೀರು ಹುಡುಕಿಕೊಂಡು ಭುಜ್ ಹತ್ತಿರ ಹೊಸ ಊರನ್ನೇ ಕಟ್ಟಿಕೊಂಡರು. ಅದಕ್ಕೆ ಅಜ್ರಖ್‌ಪುರ ಅಂತ ಹೆಸರು. ಕೆಲವರು ಧಮಡ್ಕಾದಲ್ಲೇ ಉಳಿದರು. ಇಂಥ ಊರಿಗೆ ಹೋಗಿ ಅವರ ನಕ್ಷತ್ರದ ಅಚ್ಚನ್ನು ನಕಲು ಮಾಡಿಕೊಂಡು ಬಂದರೆ ಏನು ತಂದ ಹಾಗಾಯಿತು?

ನಾನು ತಂದದ್ದು ಕೆಲಸದ ಅನುಕ್ರಮ. ಈಗ ಗೋಡೆ ಬಟ್ಟೆ ಶುರು ಮಾಡುವಾಗ ಖಾಲಿ ಬಿಡುವ ಜಾಗವನ್ನು ಮೊದಲು ಗುರುತು ಹಾಕಿಕೊಳ್ಳುತ್ತೇನೆ. ಹೊಲಿಗೆ ಆಮೇಲೆ. ಇದೊಂದರಿಂದ ನನ್ನ ಕೆಲಸದಲ್ಲಿ ಗಾಳಿಯಾಡತೊಡಗಿತು. ಕಬ್ಬಿಣದ ನೀರನ್ನು ಮನೆಯ ಹಿತ್ತಲಲ್ಲೂ ಮಾಡುತ್ತೇನೆ. ಅಳಲೆಕಾಯಿ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುತ್ತದೆ, ಬೆಲ್ಲಕ್ಕಂತೂ ನಮ್ಮಲ್ಲಿ ಬರವಿಲ್ಲ. ನೀವು ಮಾಡಿ ನೋಡುವುದಾದರೆ ಒಂದು ಎಚ್ಚರಿಕೆ: ಕಬ್ಬಿಣ ಜಾಸ್ತಿಯಾದರೆ ಬಟ್ಟೆ ಆ ಕ್ಷಣಕ್ಕೆ ಚೆಂದ ಕಾಣುತ್ತದೆ, ಕೆಲವು ವರ್ಷದಲ್ಲಿ ಅದೇ ಜಾಗದಲ್ಲಿ ಲಡ್ಡಾಗಿ ಹರಿಯುತ್ತದೆ.

ದೂರ ಹೋದರೆ ಮಾತ್ರ ಅಂತೇನಿಲ್ಲ. ಧಾರವಾಡದಿಂದ ಹಳಿಯಾಳ, ಯಲ್ಲಾಪುರದ ಕಡೆ ಬಸ್ಸು ಹತ್ತಿದರೆ ಸಿದ್ದಿಯರ ಊರುಗಳು ಸಿಗುತ್ತವೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಅನೇಕರು ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ಅಲ್ಲಿನ ಹೆಂಗಸರು ಹೊಲಿಯುವ ಕೌದಿಗೂ ನಮ್ಮ ಮನೆಗಳ ಕೌದಿಗೂ ನೆಂಟಸ್ತಿಕೆ ಇದೆ, ಆದರೆ ಕೈ ಬೇರೆ. ಹಳೇ ಸೀರೆಯನ್ನು ನೆಲಕ್ಕೆ ಹಾಸಿ ಒಂದು ಮೂಲೆಯಲ್ಲಿ ತುಂಡು ಇಟ್ಟು ಹೊಲಿಯಲು ಕೂರುತ್ತಾರೆ. ಅಂಚಿನುದ್ದಕ್ಕೂ ಸುತ್ತು ಹಾಕುತ್ತಾರೆ. ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು. ಹೀಗೆ ಹೊಲಿಗೆ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಮೊದಲೇ ಬರೆದುಕೊಂಡ ಚಿತ್ರ ಅಂತ ಇಲ್ಲ. ಪಕ್ಕದಲ್ಲಿ ತುಂಡುಗಳ ರಾಶಿ ಇರುತ್ತದೆ. ಕೈ ಹಾಕಿ ಒಂದನ್ನು ತೆಗೆಯುತ್ತಾರೆ, ಹೊಲಿದ ತುಂಡಿನ ಪಕ್ಕ ಇಟ್ಟು ನೋಡುತ್ತಾರೆ, ತಲೆ ಅಲ್ಲಾಡಿಸಿ ಬೇರೆ ತೆಗೆಯುತ್ತಾರೆ. ಹರಿದ ಶಾಲೆ ಯೂನಿಫಾರ್ಮಿನ ನೀಲಿ, ನೈಟಿಯ ಹೂವು, ಲುಂಗಿಯ ಚೌಕಳಿ. ಕೊನೆಗೆ ಮೂಲೆಗಳಿಗೆ ಮಡಚಿದ ಸಣ್ಣ ತ್ರಿಕೋನಗಳನ್ನು ಹಚ್ಚುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ. ಫೂಲ ಇಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ.

ಕಾಲೇಜಿನಲ್ಲಿ ನಿಮಗೆ ನಡುವಿನಿಂದ ಯೋಚಿಸಲು ಕಲಿಸಿರುತ್ತಾರೆ ಅಲ್ವಾ? ಮುಖ್ಯವಾದದ್ದು ಮಧ್ಯ, ಅಂಚು ಕೊನೆಗೆ. ಅಂಚಿನಿಂದ ಒಳಗೆ ಬಂದು ನೋಡಿ ಒಮ್ಮೆ. ಮಧ್ಯಕ್ಕೆ ಬರುವ ಹೊತ್ತಿಗೆ ಜಾಗ ಎಷ್ಟು ಉಳಿದಿದೆಯೋ ಅಷ್ಟೇ, ಅದರ ಆಕಾರವನ್ನು ನೀವು ಆರಿಸಿಕೊಳ್ಳುವ ಹಾಗಿಲ್ಲ. ನನ್ನ ಈಚಿನ ಕೆಲಸಗಳೆಲ್ಲ ಹಾಗೇ ಹುಟ್ಟಿವೆ. ಫೂಲವನ್ನು ಮಾತ್ರ ನಾನು ಬಳಸುವುದಿಲ್ಲ. ಅದು ಅವರ ರುಜು ಇದ್ದ ಹಾಗೆ. ಹೊಲಿಯುವ ಕ್ರಮವನ್ನು ಕಲಿಯುವುದಕ್ಕೂ ಗುರುತನ್ನು ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಈ ವಿಷಯದಲ್ಲಿ ನಾನು ಸ್ವಲ್ಪ ಖಡಕ್. ಇನ್ನೊಂದು ಮಾತು, ಹಳೇ ಬಟ್ಟೆ ತಾನೆ ಅಂತ ಅವರ ಹತ್ತಿರ ಚೌಕಾಸಿ ಮಾಡಬೇಡಿ. ಒಂದು ದೊಡ್ಡ ಕೌದಿ ಮನೆಗೆಲಸ, ಹೊಲದ ಕೆಲಸದ ನಡುವೆ ಮುಗಿಯಲು ಎಷ್ಟೋ ವಾರ ಹಿಡಿಯುತ್ತದೆ.

ಇಳಕಲ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲ್ಲಿನ ಸೀರೆಯಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಟೋಪ್ ತೆನಿ ಸೆರಗು ಅಂತ ಹೆಸರಾಗಿರುವುದು ಇದೇ. ಹೋದರೆ ಕುಣಿಕೆ ಹಾಕುವ ದಿನ ಹೋಗಿ. ನೇಯ್ಗೆ ಯಾವಾಗ ಬೇಕಾದರೂ ನೋಡಬಹುದು.

ಹೊರದೇಶದವರ ಉದಾಹರಣೆ ಬೇಕಾದರೆ ಇಬ್ಬರನ್ನು ಹುಡುಕಿ ನೋಡಿ. ಆನಿ ಆಲ್ಬರ್ಸ್ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ನೇಯ್ಗೆ ಕಲಿತವರು. 1933ರಲ್ಲಿ ಅಮೆರಿಕಕ್ಕೆ ಹೋದರು. 1935ರಿಂದ ಮೆಕ್ಸಿಕೋಗೆ ಮತ್ತೆ ಮತ್ತೆ ಹೋಗುತ್ತಿದ್ದರು. ಮೊಂಟೆ ಆಲ್ಬಾನ್ ಅನ್ನುವ ಹಳೇ ಪಾಳು ಊರು ನೋಡಿ ಬಂದು 1936ರಲ್ಲಿ ಅದೇ ಹೆಸರಿನ ಬಟ್ಟೆ ನೇಯ್ದರು. ಅದರಲ್ಲಿ ಪಿರಮಿಡ್ಡಿನ ಚಿತ್ರ ಹುಡುಕಿದರೆ ಸಿಗುವುದಿಲ್ಲ. ಹೊಕ್ಕಿನ (ಅಡ್ಡ ಎಳೆಯ) ಜೊತೆ ಒಂದು ಹೆಚ್ಚುವರಿ ಎಳೆ ಮೇಲೆ ತೇಲುತ್ತಾ ಮೆಟ್ಟಿಲಿನಂಥ ಗೆರೆ ಎಳೆಯುತ್ತದೆ, ಅಷ್ಟೇ. ನೇಯ್ಗೆ ಬಗ್ಗೆ 1965ರಲ್ಲಿ ಬಂದ ತಮ್ಮ ಪುಸ್ತಕವನ್ನು ಅವರು ಪ್ರಾಚೀನ ಪೆರುವಿನ ನೇಕಾರರಿಗೆ, ಅವರೇ ನನ್ನ ಗುರುಗಳು ಅಂತ ಅರ್ಪಿಸಿದ್ದಾರೆ.

ಇನ್ನೊಬ್ಬರು ಅಮೆರಿಕದ ಬಟ್ಟೆ ಕಲಾವಿದೆ ಶೀಲಾ ಹಿಕ್ಸ್. ಇವರು ನಮಗೆ ಇನ್ನೂ ಹತ್ತಿರದವರು. 1966ರಲ್ಲಿ ಕೋಯಿಕ್ಕೋಡಿಗೆ ಬಂದು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಮಗ್ಗದ ಕಾರ್ಖಾನೆಯಲ್ಲಿ ಅಲ್ಲಿನ ನೇಕಾರರ ಜೊತೆ ಕೆಲಸ ಮಾಡಿದರು. ಬಡಗರ ಅನ್ನುವ ಅವರ ದಪ್ಪನೆಯ ಗೋಡೆ ಬಟ್ಟೆ ಹುಟ್ಟಿದ್ದು ಅಲ್ಲಿ. ಆ ಕಾರ್ಖಾನೆ ಮೊದಲು ಬಾಸೆಲ್ ಮಿಷನ್‌ನವರದು. ಮಂಗಳೂರಿನ ಬಲ್ಮಠದಲ್ಲಿ ನೇಯ್ಗೆ ಶುರು ಮಾಡಿದವರೂ ಅವರೇ, ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಅನ್ನುವ ಮಾತಿದೆ. ಹಿಕ್ಸ್ ಅವರಿಂದ ನಾನು ಎತ್ತಿಕೊಂಡದ್ದು ಒಂದು ಅಭ್ಯಾಸ. ಎಲ್ಲಿ ಹೋದರೂ ಪುಸ್ತಕದಷ್ಟು ದೊಡ್ಡ ಮರದ ಚೌಕಟ್ಟು ಅವರ ಜೊತೆ ಇರುತ್ತಿತ್ತು. ಅಲ್ಲಿ ಸಿಕ್ಕಿದ ನೂಲು, ನಾರು ಏನಿದೆಯೋ ಅದರಲ್ಲೇ ಸಣ್ಣ ಸಣ್ಣ ತುಂಡು ನೇಯುತ್ತಿದ್ದರು. ಅವರ ಡೈರಿ ಅದು.

ನಾನು ಚೌಕಟ್ಟಿನ ಬದಲು ಅಂಗೈ ಅಗಲದ ಬಟ್ಟೆ ತುಂಡುಗಳನ್ನು ಒಯ್ಯುತ್ತೇನೆ. ದಿನಕ್ಕೊಂದು ತುಂಡಿನ ಮೇಲೆ ಏನಾದರೂ ಹೊಲಿಯುತ್ತೇನೆ. ಬಸ್ಸಿನಲ್ಲಿ ಕಸೂತಿ ಸಾಧ್ಯವಿಲ್ಲ, ಅರಬೈಲ್ ಘಾಟಿನಲ್ಲಿ ಎಳೆ ಎಣಿಸಲು ಹೋದರೆ ತಲೆ ತಿರುಗುತ್ತದೆ. ಕೌದಿ ಹೊಲಿಗೆಗೆ ತೊಂದರೆಯಿಲ್ಲ, ಅದು ಕುಲುಕಾಟ ತಡೆಯುತ್ತದೆ. ತುಂಡಿನ ಹಿಂಬದಿಗೆ ಪೆನ್ನಿನಲ್ಲಿ ಊರು, ಅಲ್ಲಿನ ನೀರು ಗಡುಸೋ ಮೆದುವೋ, ಯಾರು ಯಾವ ಕೆಲಸ ಮಾಡುತ್ತಿದ್ದರು ಅಂತ ಎರಡು ಸಾಲು. ಮನೆಗೆ ಬಂದ ಕೂಡಲೇ ಅವನ್ನು ತೆರೆಯುವುದಿಲ್ಲ. ಟ್ರಂಕಿನಲ್ಲಿ ಹಾಕಿ ಒಂದು ಮಳೆಗಾಲ ಕಳೆಯಲು ಬಿಡುತ್ತೇನೆ. ತೆರೆದಾಗ ಹೆಚ್ಚಿನವು ಸುಮ್ನೆ ಬಟ್ಟೆ ತುಂಡುಗಳು. ಒಂದೆರಡು ಮಾತ್ರ ಕೈ ಬಿಡುವುದಿಲ್ಲ, ದೊಡ್ಡ ಕೆಲಸ ಅವುಗಳಿಂದ ಶುರುವಾಗುತ್ತದೆ. ನಿಮಗೆ ಕಾಲೇಜಿನ ಸಬ್‌ಮಿಷನ್ ತಾರೀಕು ಇರುತ್ತದೆ, ಇಷ್ಟು ಕಾಯಲಾಗದು, ಗೊತ್ತು.

ಈಗ ದುಡ್ಡಿನ ವಿಚಾರ. ಹತ್ತು ಊರಿನ ಟೂರ್ ಪ್ಯಾಕೇಜ್ ಆದರೆ ಬೇಡ. ಅದೇ ದುಡ್ಡಿನಲ್ಲಿ ಒಂದೇ ಊರಿನಲ್ಲಿ ವಾರ ಹತ್ತು ದಿನ ಇರಬಹುದು. ಮೊದಲ ದಿನ ಫೋನ್ ಹೊರಗೆ ತೆಗೆಯಬೇಡಿ, ಕೇಳಿ ಕೂತುಕೊಳ್ಳಿ. ಮಾಡಲು ಏನಾದರೂ ಕೊಡಿ ಅಂತ ಕೇಳಿದರೆ ಹೆಚ್ಚಿನ ಕಡೆ ಕೊಡುತ್ತಾರೆ. ನೂಲು ಬಿಡಿಸುವುದೋ ಬಟ್ಟೆ ಒಣಹಾಕುವುದೋ ಇರುತ್ತದೆ, ಅದನ್ನೇ ಮಾಡಿ. ಅವರ ಸಮಯಕ್ಕೆ ದುಡ್ಡು ಕೊಡಿ, ಇಲ್ಲವೇ ಅವರ ಹತ್ತಿರ ಬಟ್ಟೆ ಕೊಳ್ಳಿ.

ಎಲ್ಲಿಗೆ ಅಂತ ನನ್ನನ್ನೇ ಕೇಳಿದರೆ ಈ ಚಳಿಗಾಲಕ್ಕೆ ಅಜ್ರಖ್‌ಪುರ. ಭುಜ್ ತನಕ ರೈಲಿದೆ, ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅಲ್ಲೇ ಎಲ್‌ಎಲ್‌ಡಿಸಿ ಅನ್ನುವ ಕರಕುಶಲ ವಸ್ತುಸಂಗ್ರಹಾಲಯವೂ ಇದೆ, ಕಛ್‌ನ ಬೇರೆ ಬೇರೆ ಸಮುದಾಯಗಳ ಹೊಲಿಗೆ ಒಂದೇ ಕಡೆ ನೋಡಲು ಸಿಗುತ್ತದೆ. ಅಲ್ಪಸ್ವಲ್ಪ ಹಿಂದಿ ಬಂದರೆ ಸಾಕು. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಆ ಕಬ್ಬಿಣದ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ.