ದೀಪ ಹಚ್ಚುವಾಗಲೇ ‘ದೇವರಿಲ್ಲ’ ಅನ್ನಿಸುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 31 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಮನೆಯಲ್ಲಿ ಗಂಡ, ಅತ್ತೆ, ನಾಲ್ಕು ವರ್ಷದ ಮಗಳು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದ 19 ದಿನ ನಾನು ಹೊರದ ಹರಕೆಯಿಲ್ಲ. ದೇವರು ನಿಜವಾಗಿ ಇದ್ದಾನೆಯೇ ಎಂಬ ಪ್ರಶ್ನೆ ಆಗಲೇ ಶುರುವಾಯಿತು. ಈಗ ಅದು ಬೇರೆಯೇ ರೂಪ ತಾಳಿದೆ. ಸಂಜೆ ದೀಪ ಹಚ್ಚಿ ಕೈ ಮುಗಿಯುವಷ್ಟರಲ್ಲಿ ‘ದೇವರಿಲ್ಲ’ ಎಂದು ಮನಸ್ಸು ಹೇಳಿಬಿಡುತ್ತದೆ. ಕೆಲವು ಸಲ ದೇವರ ಬಗ್ಗೆ ಬರೆಯಲಾಗದಂಥ ಹೊಲಸು ಮಾತು ಬರುತ್ತದೆ. ಕೂಡಲೇ ಮಗಳಿಗೆ ಏನೋ ಆಗಿಬಿಡುತ್ತದೆಂಬ ಭಯ. ದೀಪ ಶಾಂತ ಮಾಡಿ ಮತ್ತೆ ಹಚ್ಚುತ್ತೇನೆ. ಗಲ್ಲ ಬಡಿದುಕೊಂಡು ಹನ್ನೊಂದು ಸಲ ‘ತಪ್ಪಾಯ್ತು’ ಅನ್ನುತ್ತೇನೆ. ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿಡುತ್ತೇನೆ. ಒಂದು ಡಬ್ಬಿ ತುಂಬಿ ಎರಡನೆಯದು ಅರ್ಧಕ್ಕೆ ಬಂದಿದೆ. ಐದು ನಿಮಿಷದ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ‘ಏನೂ ಆಗಲ್ಲ ಅಲ್ವಾ?’ ಎಂದು ಗಂಡನನ್ನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ಅತ್ತೆ, ‘ಭಕ್ತಿ ಸಾಲದು, ಮನಸ್ಸಿಟ್ಟು ಮಾಡು’ ಅನ್ನುತ್ತಾರೆ. ತಮ್ಮ, ‘ಪೂಜೆನೇ ಬಿಟ್ಬಿಡಕ್ಕ, ಎಲ್ಲಾ ಸರಿಹೋಗತ್ತೆ’ ಅನ್ನುತ್ತಾನೆ. ಇದು ಒಸಿಡಿಯೋ, ನನಗೆ ನಿಜವಾಗಿಯೂ ನಂಬಿಕೆ ಹೋಗಿದೆಯೋ? ಮಗಳಿಗೆ ಏನೂ ಆಗುವುದಿಲ್ಲ ಎಂದು ದಯವಿಟ್ಟು ಬರೆಯಿರಿ.
ಹೆಸರು ಬೇಡ

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮನಸ್ಸಿಗೆ ಬಂದ ಯೋಚನೆಯಿಂದ ಮಗುವಿಗೆ ಜ್ವರ ಬರುವುದಿಲ್ಲ, ಅಪಘಾತವಾಗುವುದಿಲ್ಲ. ಇದನ್ನು ಒಂದೇ ಸಲ ಹೇಳುತ್ತೇನೆ. ನೀವು ಕೇಳಿದ ಹಾಗೆ ‘ಮಗಳಿಗೆ ಎಂದೂ ಏನೂ ಆಗುವುದಿಲ್ಲ’ ಎಂದು ನಾನು ಬರೆದುಕೊಟ್ಟರೆ ಇವತ್ತು ರಾತ್ರಿ ನಿಮಗೆ ನಿದ್ದೆ ಬಂದೀತು. ನಾಳೆ ಸಂಜೆ ದೀಪದ ಮುಂದೆ ನಿಂತಾಗ, ‘ಆ ಹೊಲಸು ಮಾತು ಯಾವುದೆಂದು ಡಾಕ್ಟರಿಗೆ ಗೊತ್ತಿಲ್ಲವಲ್ಲ, ಗೊತ್ತಿದ್ದರೆ ಹೀಗೆ ಬರೆಯುತ್ತಿದ್ದರೇ?’ ಎಂಬ ಹೊಸ ಅನುಮಾನ ಹುಟ್ಟುತ್ತದೆ. ನಿಮ್ಮ ಯಜಮಾನರು ಇಪ್ಪತ್ತು ಸಲ ಕೊಡುವ ಉತ್ತರಕ್ಕೂ ಇದೇ ಗತಿಯಾಗುತ್ತಿದೆ. ಅದಕ್ಕೇ ಬರೆದುಕೊಡುತ್ತಿಲ್ಲ. ನಿಮ್ಮ ಸಂಕಟ ನನಗೆ ಅರ್ಥವಾಗಿದೆ.

ನಿಮ್ಮ ಪತ್ರ ಓದಿದರೆ ಇದು ಗೀಳು ಕಾಯಿಲೆ, ಅಂದರೆ ಒಸಿಡಿ ಅನ್ನುವುದಕ್ಕೆ ಬೇಕಾದ ಲಕ್ಷಣಗಳೆಲ್ಲ ಇವೆ. ಮನೋವೈದ್ಯರು ಎದುರು ಕೂರಿಸಿ ಮಾತಾಡಿಸಿ ಖಚಿತಪಡಿಸಬೇಕು. ಗೀಳು ಅಂದರೆ ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಅಂತಲೇ ಜನ ತಿಳಿದಿದ್ದಾರೆ. ಅದು ದೇವರ ಮನೆಗೂ ಬರುತ್ತದೆ. ಬೇಡದ ಯೋಚನೆ ಬರುತ್ತದೆ, ಭಯವಾಗುತ್ತದೆ, ಭಯ ಇಳಿಸಲು ನೀವು ಏನೋ ಒಂದು ಮಾಡುತ್ತೀರಿ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ಕಾಯಿಲೆಗೆ ಹಾಕುವ ಗೊಬ್ಬರ. ‘ಒಂದು ರೂಪಾಯಿ ಕಟ್ಟಿಟ್ಟೆ, ಅದಕ್ಕೇ ಮಗು ಉಳಿಯಿತು’ ಎಂದು ಮನಸ್ಸು ಪಾಠ ಕಲಿಯುತ್ತದೆ. ಕಟ್ಟದೆ ಇದ್ದರೂ ಮಗು ಆಡಿಕೊಂಡೇ ಇರುತ್ತಿತ್ತು ಎಂಬುದನ್ನು ನೋಡುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಹೊಲಸು ಯೋಚನೆಗಳ ಬಗ್ಗೆ ನೀವು ಬಹಳ ನಾಚಿಕೊಂಡು ಬರೆದಿದ್ದೀರಿ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಯಾವ ಮನೋರೋಗವೂ ಇಲ್ಲದವರನ್ನು ಕೇಳಿ ನೋಡಿದರು. ಬಹುಪಾಲು ಜನರಿಗೆ ಇಂಥ ಬೇಡದ ಯೋಚನೆಗಳು ಬರುತ್ತಿದ್ದವು, ಅವುಗಳ ವಿಷಯವೂ ರೋಗಿಗಳ ಯೋಚನೆಗಳಿಗಿಂತ ತೀರ ಬೇರೆಯಾಗಿರಲಿಲ್ಲ. ಉಳಿದವರಿಗೆ ಅದು ಬಂದು ಹೋಗುತ್ತದೆ. ನೀವು ಅದನ್ನು ಹಿಡಿದು ನಿಲ್ಲಿಸಿ ವಿಚಾರಣೆ ಮಾಡುತ್ತೀರಿ. ಯಾರಿಗೆ ಯಾವುದು ಅತಿ ಪವಿತ್ರವೋ, ಅತಿ ಪ್ರಿಯವೋ ಗೀಳು ಅದನ್ನೇ ಹುಡುಕಿ ಹಿಡಿಯುತ್ತದೆ. ನಿಮಗೆ ದೇವರು ಮತ್ತು ಮಗಳು.

ಈ ನೋವು ಒಂದೇ ಧರ್ಮದವರದ್ದಲ್ಲ. ಹದಿನಾರನೇ ಶತಮಾನದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ, ಮುಂದೆ ಜೆಸ್ಯೂಟ್ ಸಂಘ ಕಟ್ಟಿದವರು, ಒಮ್ಮೆ ಪಾದ್ರಿಗೆ ಒಪ್ಪಿಸಿದ ತಪ್ಪುಗಳನ್ನೇ ಮತ್ತೆ ಮತ್ತೆ ಒಪ್ಪಿಸಿ, ಆದರೂ ಸಮಾಧಾನ ಸಿಗದೆ ಒದ್ದಾಡಿದ್ದರು. ಶಿಲುಬೆಯ ಹಾಗೆ ಅಡ್ಡಡ್ಡ ಬಿದ್ದ ಎರಡು ಹುಲ್ಲುಕಡ್ಡಿ ತುಳಿದರೂ ‘ಪಾಪ ಮಾಡಿದೆನೋ’ ಎಂದು ಕಾಡುವ ಅನುಮಾನದ ಬಗ್ಗೆ ಅವರೇ ಬರೆದಿದ್ದಾರೆ. ಮುಸ್ಲಿಮರು ಇಂಥದ್ದನ್ನು ವಸ್ವಾಸ್ ಅನ್ನುತ್ತಾರೆ. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವಜೂ ಸರಿಯಾಯಿತೋ ಇಲ್ಲವೋ ಎಂದು ನಲ್ಲಿಯ ಮುಂದಿನಿಂದ ಏಳಲಾಗದವರು ನನ್ನ ಹತ್ತಿರ ಬಂದಿದ್ದಾರೆ. ನಮ್ಮಲ್ಲಿ ಮಡಿ, ಮೈಲಿಗೆ, ಮಂತ್ರದ ಲೆಕ್ಕ. ಹಿಂದೆ ಒಬ್ಬ ಅರ್ಚಕರು ಬಂದಿದ್ದರು. ಆಚಮನ ಎಷ್ಟು ಸಲ ಮಾಡಬೇಕು ಎಂದು ಕೇಳಿದೆ. ‘ಮೂರು’ ಅಂದರು. ತಾವು ಎಷ್ಟು ಸಲ ಮಾಡುತ್ತೀರಿ ಅಂದೆ. ಬಹಳ ಹೊತ್ತು ಅಂಗೈಯನ್ನೇ ನೋಡುತ್ತಾ ಕೂತರು. ಆಮೇಲೆ, ‘ಶಾಸ್ತ್ರಕ್ಕೆ ಮೂರು ಸಾಕು ಸ್ವಾಮಿ, ನನಗೆ ಸಾಕಾಗಲ್ಲ’ ಅಂದು ಅತ್ತುಬಿಟ್ಟರು. ಭಕ್ತಿ ಸಾಲದು ಎನ್ನುವ ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ, ಆದರೆ ಆ ಮಾತು ಬೆಂಕಿಗೆ ತುಪ್ಪ ಹೊಯ್ಯುತ್ತಿದೆ.

ನಿಮ್ಮ ತಮ್ಮನ ಮಾತೂ ನನಗೆ ಒಪ್ಪಿಗೆಯಿಲ್ಲ. ಭಯಕ್ಕೆ ಹೆದರಿ ಪೂಜೆ ಬಿಡುವುದೂ ಭಯಕ್ಕೆ ಹೆದರಿ ಪೂಜೆ ಮಾಡುವುದೂ ಒಂದೇ ಬಳ್ಳಿಯ ಕಾಯಿ. ದೇವರ ಮನೆಗೆ ಹೋಗುವುದನ್ನೇ ನಿಲ್ಲಿಸಿದರೆ ಗೀಳು ಅಲ್ಲೇ ನಿಲ್ಲುವುದಿಲ್ಲ. ಪೂಜೆ ಬಿಟ್ಟ ಮೇಲೆ ಗ್ಯಾಸ್ ಆಫ್ ಮಾಡಿದೆನೋ, ಗಾಡಿಯಲ್ಲಿ ಬರುವಾಗ ಯಾರಿಗಾದರೂ ಗುದ್ದಿದೆನೋ ಎಂದು ಬೇರೆ ಜಾಗ ಹಿಡಿದವರನ್ನು ಕಂಡಿದ್ದೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇದು ಕಾಯಿಲೆಯೋ, ನಂಬಿಕೆ ಹೋಗಿದೆಯೋ ಎಂದು ಕೇಳಿದ್ದೀರಿ. ಎರಡೂ ಇರಬಹುದು. ನಿಮ್ಮಲ್ಲಿ ಎರಡು ಬಗೆಯ ಅನುಮಾನ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ ಎಂದು ನನಗೆ ಅನ್ನಿಸುತ್ತದೆ. ಅಪ್ಪನ ಹಾಸಿಗೆಯ ಪಕ್ಕ ಕೂತು ಅಷ್ಟು ಹರಕೆ ಹೊತ್ತ ಮಗಳಿಗೆ, ಅವರು ಉಳಿಯದೆ ಹೋದಾಗ, ದೇವರು ಕೇಳಿಸಿಕೊಂಡನೇ ಎಂಬ ಪ್ರಶ್ನೆ ಬರುವುದು ಕಾಯಿಲೆಯಲ್ಲ. ಅದು ದುಃಖ. ಅದು ವಿಚಾರವೂ ಹೌದು. ಆ ಪ್ರಶ್ನೆಯಿಂದ ನೀವು ಮತ್ತೆ ಭಕ್ತಿಗೆ ಬರಬಹುದು, ದೇವರನ್ನು ಬಿಟ್ಟೇ ಬಿಡಬಹುದು, ಏನೂ ತೀರ್ಮಾನವಾಗದೆ ವರ್ಷಗಟ್ಟಲೆ ಇರಬಹುದು. ಅದು ನಿಮಗೆ ಬಿಟ್ಟದ್ದು. ಅದರಲ್ಲಿ ತಲೆ ಹಾಕುವ ಹಕ್ಕು ನನಗೂ ಇಲ್ಲ, ನಿಮಗೆ ಚಿಕಿತ್ಸೆ ಕೊಡುವವರಿಗೂ ಇಲ್ಲ.

ಇನ್ನೊಂದು ಅನುಮಾನದ ನಡವಳಿಕೆಯೇ ಬೇರೆ. ಅದು ನಾಳೆಯವರೆಗೆ ಕಾಯುವುದಿಲ್ಲ, ಈಗಲೇ, ಬೆಂಕಿಕಡ್ಡಿ ಆರುವ ಮುಂಚೆ ಉತ್ತರ ಕೊಡು ಅನ್ನುತ್ತದೆ. ತಮ್ಮನ ಜೊತೆ ಕಾಫಿ ಕುಡಿಯುತ್ತಾ ದೇವರ ಬಗ್ಗೆ ವಾದ ಮಾಡುವಾಗ ಬರುವುದಿಲ್ಲ, ಕೈ ಮುಗಿದಾಗ ಬರುತ್ತದೆ, ಮಗಳ ಹಣೆ ಬಿಸಿಯಾದಾಗ ಬರುತ್ತದೆ. ಎಷ್ಟು ಉತ್ತರ ಕೊಟ್ಟರೂ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯರು ಈ ಕಾಯಿಲೆಯನ್ನು ‘ಸಂಶಯದ ಹುಚ್ಚು’ ಎಂದೇ ಕರೆಯುತ್ತಿದ್ದರು. ಕಠೋರವಾದ ಹೆಸರು, ಆದರೆ ಲಕ್ಷಣವನ್ನು ಸರಿಯಾಗಿ ಹಿಡಿದಿದ್ದರು. ಒಂದು ಎಚ್ಚರಿಕೆಯಿರಲಿ. ‘ಈಗ ಬಂದದ್ದು ಯಾವ ಅನುಮಾನ, ಗೀಳೋ ನಿಜವೋ’ ಎಂದು ಪ್ರತಿ ಸಲ ತೂಗಿ ನೋಡಲು ಕೂತರೆ ಅದೇ ಹೊಸ ಗೀಳಾಗುತ್ತದೆ. ತೂಗಬೇಡಿ. ದೀಪದ ಮುಂದೆ ಬಂದದ್ದಕ್ಕೆ ದೀಪದ ಮುಂದೆ ಉತ್ತರವಿಲ್ಲ, ಅಷ್ಟೇ.

ಚಿಕಿತ್ಸೆಯಿದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಆರ್‌ಪಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಭಯ ಹುಟ್ಟಿಸುವ ಸಂದರ್ಭಕ್ಕೆ ಹಂತಹಂತವಾಗಿ ಎದುರಾಗುತ್ತೀರಿ, ಭಯ ಇಳಿಸಲು ಮಾಡುತ್ತಿದ್ದುದನ್ನು ಮಾಡದೆ ಇರುತ್ತೀರಿ. ದೇವರನ್ನು ಬೈಯಿರಿ, ಫೋಟೋ ತುಳಿಯಿರಿ ಎಂದೆಲ್ಲ ಯಾರೂ ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ನಾನಾದರೆ ನಾಣ್ಯದಿಂದ ಶುರು ಮಾಡುತ್ತೇನೆ. ಕೆಟ್ಟ ಯೋಚನೆ ಬಂತು, ಕೈ ಅರಿಶಿನದ ಬಟ್ಟೆಯ ಕಡೆ ಹೋಯಿತು. ಕಟ್ಟುವುದನ್ನು ಹದಿನೈದು ನಿಮಿಷ ಮುಂದಕ್ಕೆ ಹಾಕಿ. ಎದೆ ಡವಗುಟ್ಟುತ್ತದೆ, ಗುಟ್ಟಲಿ. ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸಿ. ಮನಸ್ಸು ‘ಮಗಳಿಗೆ ಏನಾದರೂ ಆದರೆ?’ ಅಂದರೆ ‘ಗೊತ್ತಿಲ್ಲ’ ಅನ್ನಿ, ವಾದಕ್ಕೆ ಇಳಿಯಬೇಡಿ. ಹದಿನೈದು ನಿಮಿಷ ಅರ್ಧ ಗಂಟೆಯಾಗಲಿ, ಮುಂದೊಂದು ದಿನ ಕಟ್ಟದೆಯೇ ಮಲಗಿ. ದೀಪ ಒಂದೇ ಸಲ ಹಚ್ಚುವುದು ಅದರ ನಂತರದ ಮೆಟ್ಟಿಲು. ‘ತಪ್ಪಾಯ್ತು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವುದನ್ನು ಬಿಡುವುದು ಕಷ್ಟ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಅದನ್ನು ತರಬೇತಿಯಿರುವ ಮನಶ್ಶಾಸ್ತ್ರಜ್ಞರ ಜೊತೆಯಲ್ಲೇ ಮಾಡಿ.

ಯಜಮಾನರಿಗೆ ಒಂದು ಮಾತು. ಇವತ್ತಿನಿಂದಲೇ ಬಾಯಿಗೆ ಬೀಗ ಹಾಕಬೇಡಿ, ಅವರಿಗೆ ನೀವೂ ಕೈಬಿಟ್ಟಿರಿ ಅನ್ನಿಸುತ್ತದೆ. ಇಬ್ಬರೂ ಕೂತು ಮಾತಾಡಿಕೊಳ್ಳಿ: ‘ನೀನು ಕೇಳಿದರೆ ನಾನು ಹೌದು, ಅಲ್ಲ ಎರಡೂ ಹೇಳಲ್ಲ. ಕಷ್ಟ ಆಗ್ತಿದೆ ಅಂತ ಗೊತ್ತು, ಬಾ, ಪಕ್ಕದಲ್ಲಿ ಕೂತ್ಕೊ.’ ಇಷ್ಟು ಒಪ್ಪಂದವಾದ ಮೇಲೆ ನಡೆಸಿಕೊಂಡು ಹೋಗಿ.

ಮಾತ್ರೆಗಳೂ ಬೇಕಾಗಬಹುದು. ಸರ್ಟ್ರಲಿನ್, ಫ್ಲುಆಕ್ಸೆಟಿನ್, ಫ್ಲುವೋಕ್ಸಮಿನ್‌ನಂಥವು. ಇವು ನಿದ್ದೆ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಗೀಳಿಗೆ ಖಿನ್ನತೆಗಿಂತ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು. ಎರಡು ವಾರ ತಿಂದು ‘ಏನೂ ಪ್ರಯೋಜನವಿಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ. ಗುಣವಾದ ಮೇಲೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಮೊದಲೇ ಹೇಳಿ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ. ಬೆಂಗಳೂರಿಗೆ ಹೋಗಿಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಜೀವವೇ ಸಾಕು ಅನ್ನಿಸಿದ ದಿನವಿದ್ದರೆ ಅದೇ ದಿನ ಮಾಡಿ, ಮನೆಯವರಿಗೂ ಹೇಳಿ.

ತುಂಬಿದ ಡಬ್ಬಿಯ ದುಡ್ಡನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ. ಆದರೆ ಈ ಹೊತ್ತಿಗೆ ಆ ಪ್ರಶ್ನೆ ಬಂದಿರುತ್ತದೆ. ಸದ್ಯಕ್ಕೆ ಏನೂ ಮಾಡಬೇಡಿ. ಯಾವ ಕ್ಷೇತ್ರದ ಹುಂಡಿಗೆ ಹಾಕಬೇಕು, ಲೆಕ್ಕ ತಪ್ಪಿದೆಯೇ ಎಂದು ಎಣಿಸಲೂ ಬೇಡಿ. ಮೊದಲ ಸಲ ವೈದ್ಯರ ಬಳಿ ಹೋಗುವಾಗ ಎರಡೂ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲಿಡಿ. ಬಾಯಲ್ಲಿ ಹೇಳಲಾಗದ್ದನ್ನು ಅವು ಹೇಳುತ್ತವೆ. ಈ ಉತ್ತರವನ್ನು ಕತ್ತರಿಸಿಟ್ಟುಕೊಂಡು ಭಯವಾದಾಗಲೆಲ್ಲ ತೆಗೆದು ಓದಬೇಡಿ. ಒಮ್ಮೆ ಓದಿದ್ದೀರಿ, ಯಜಮಾನರಿಗೆ ಕೊಡಿ.